ನಗರದ ಗಡಿಯಾಚೆ ಎದ್ದ ಕಾರ್ಮಿಕರ ಗುಡ್ಡ

ಕಾರ್ಖಾನೆ ಬಂದ ಊರುಗಳಲ್ಲೆಲ್ಲ ಏಳುವ ಪ್ರಶ್ನೆ ಒಂದೇ: ಅಲ್ಲಿ ದುಡಿಯುವವರು ವಾಸ ಮಾಡುವುದೆಲ್ಲಿ? ಫಿನ್ಲೆಂಡಿನ ಟಾಂಪೆರೆ ನಗರದ ಕಾರ್ಮಿಕರು ಈ ಪ್ರಶ್ನೆಗೆ ತಾವೇ ಕಂಡುಕೊಂಡ ಉತ್ತರ ಪಿಸ್ಪಾಲಾ.

ಉತ್ತರಕ್ಕೆ ನ್ಯಾಸಿಯಾರ್ವಿ, ದಕ್ಷಿಣಕ್ಕೆ ಪ್ಯುಹಾಯಾರ್ವಿ. ಇವೆರಡೂ ಸರೋವರಗಳು. ನಡುವೆ ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಪೇರಿಸಿಟ್ಟ ಮರಳು, ಜಲ್ಲಿಯ ಉದ್ದನೆಯ ದಿಬ್ಬ. ದಕ್ಷಿಣದ ಸರೋವರದಿಂದ ಅದರ ನೆತ್ತಿ ಸುಮಾರು 80 ಮೀಟರ್ ಎತ್ತರದಲ್ಲಿದೆ. ಎರಡು ಸರೋವರಗಳ ನೀರಿನ ಮಟ್ಟದಲ್ಲಿ ಸುಮಾರು 18 ಮೀಟರ್ ವ್ಯತ್ಯಾಸ. ಆ ಇಳಿಜಾರಿನಲ್ಲಿ ಧುಮುಕುವ ತಮ್ಮೆರ್‌ಕೊಸ್ಕಿ ಹೊಳೆಯ ಬಲವೇ ಟಾಂಪೆರೆಯ ಭಾಗ್ಯ. 1779ರಲ್ಲಿ ಸ್ಥಾಪನೆಯಾದ ಈ ಊರಿಗೆ 1820ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ ಬಂದು ಕಾರ್ಖಾನೆ ತೆರೆದ. ಮುಂದೆ ಅದು ಬೃಹತ್ ಹತ್ತಿ ಗಿರಣಿಯಾಗಿ ಬೆಳೆಯಿತು.

ಗಿರಣಿಗಳ ಜೊತೆಗೆ ಜನವೂ ಹೆಚ್ಚಿತು, ನಗರದೊಳಗೆ ಬಾಡಿಗೆಯೂ ಏರಿತು. ಪಿಸ್ಪಾಲಾ ಆಗ ನಗರದ ಗಡಿಯ ಹೊರಗಿತ್ತು. ನೆಲ ಅಗ್ಗ, ಕಟ್ಟಡದ ಕಟ್ಟುಪಾಡುಗಳೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಾರ್ಮಿಕರು ಕಡಿದಾದ ಇಳಿಜಾರಿನಲ್ಲಿ ತುಂಡು ಜಾಗ ಹಿಡಿದು ಮರದ ಮನೆ ಕಟ್ಟತೊಡಗಿದರು. ಯಾವ ಎಂಜಿನಿಯರನೂ ನಕ್ಷೆ ಬರೆಯದ ಊರು ಅದು. ಓಣಿಗಳು ವಕ್ರ, ಮೆಟ್ಟಿಲುಗಳು ನೂರಾರು.

ಈ ಸ್ವಾತಂತ್ರ್ಯದ ಜೊತೆ ಕಷ್ಟಗಳೂ ಬಂದವು. 1918ರ ಅಂತರ್ಯುದ್ಧದಲ್ಲಿ ಟಾಂಪೆರೆ ಕೆಂಪು ಪಡೆಯ ಭದ್ರಕೋಟೆಯಾಗಿತ್ತು. ಏಪ್ರಿಲ್ 6ರಂದು ನಗರ ಬಿಳಿ ಪಡೆಯ ವಶವಾದಾಗ ಕೊನೆಯ ಹೋರಾಟಗಾರರು ಶರಣಾದದ್ದು ಪಿಸ್ಪಾಲಾದಲ್ಲಿ. ಅಲ್ಲಿಯೇ ಹುಟ್ಟಿದ, ಬಡಗಿ ಕೆಲಸ ಬಲ್ಲ ಲೇಖಕ ಲೌರಿ ವೀತಾ, ಈ ಗುಡ್ಡದ ಬದುಕನ್ನೇ 1950ರ 'ಮೊರೇನಿ' ಕಾದಂಬರಿಯ ವಸ್ತುವಾಗಿಸಿಕೊಂಡರು.

1937ರಲ್ಲಿ ಪಿಸ್ಪಾಲಾ ನಗರಕ್ಕೆ ಸೇರಿತು. ಹಳೆಯ ಗಡಿಯ ನೆನಪು ಮಾತ್ರ ಒಂದು ಸ್ನಾನದ ಮನೆಯ ಹೆಸರಿನಲ್ಲಿ ಉಳಿದಿದೆ. 1906ರಲ್ಲಿ ಆರಂಭವಾದ ಆ ಸಾರ್ವಜನಿಕ ಸೌನಾದ ಹೆಸರು 'ರಾಯಾಪೊರ್ತಿ', ಅಂದರೆ ಗಡಿಯ ಬಾಗಿಲು. ಬಿಸಿ ಕಲ್ಲುಗಳ ಮೇಲೆ ನೀರು ಚಿಮುಕಿಸಿ ಹಬೆಯಲ್ಲಿ ಬೆವರುವ ಇಂಥ ಮನೆಗಳು ಸ್ವಂತ ಸ್ನಾನಗೃಹವಿಲ್ಲದ ಕಾರ್ಮಿಕರಿಗೆ ದೊಡ್ಡ ಆಸರೆಯಾಗಿದ್ದವು. ಮುಂದೆ ಕೆಡವಬೇಕೆಂಬ ಮಾತು ಬಂದಾಗ ಸ್ಥಳೀಯರು ಅದನ್ನು ಬಿಡಲಿಲ್ಲ. 1989ರಿಂದ ಅವರ ಸಂಘವೇ ಅದನ್ನು ನಡೆಸುತ್ತಿದೆ. ಫಿನ್ಲೆಂಡಿನಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ಸಾರ್ವಜನಿಕ ಸೌನಾ ಇದು.

ಕೂಲಿಗಾರರು ಅಗ್ಗವೆಂದು ಹಿಡಿದ ಆ ಇಳಿಜಾರು ಈಗ ಸರೋವರದ ನೋಟಕ್ಕಾಗಿಯೇ ಬೆಲೆ ಏರಿಸಿಕೊಂಡಿದೆ. ಹಳೆಯ ಮರದ ಮನೆಗಳ ಈ ಬಡಾವಣೆ ಇಂದು ರಾಷ್ಟ್ರೀಯ ಮಹತ್ವದ ಪರಂಪರೆ ಎನಿಸಿಕೊಂಡಿದೆ. ಆದರೆ ಆ ಮನೆಗಳನ್ನು ಕಟ್ಟಿದವರಂಥ ಗಿರಣಿ ಕಾರ್ಮಿಕರೊಬ್ಬರು ಇಂದು ಅಲ್ಲಿ ಜಾಗ ಕೊಳ್ಳುವುದು ಸುಲಭವಲ್ಲ. ಗೋಡೆಗಳನ್ನು ಉಳಿಸಿಕೊಂಡಷ್ಟು ಸಲೀಸಾಗಿ ಅವುಗಳೊಳಗಿನ ಬದುಕನ್ನು ಉಳಿಸಿಕೊಳ್ಳಲಾಗದು.