ದಡ ಒಬ್ಬರದು, ಹಡಗುದಾರಿ ಇನ್ನೊಬ್ಬರದು: ಪಸ್ಸಮಕ್ವಾಡಿ ಕೊಲ್ಲಿಯ ಎಲ್‌ಎನ್‌ಜಿ ಪ್ರಸ್ತಾವಗಳು

ಅಮೆರಿಕದ ಮೇನ್ ರಾಜ್ಯ ಮತ್ತು ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ನಡುವಿನ ಪಸ್ಸಮಕ್ವಾಡಿ ಕೊಲ್ಲಿಯ ಆಸುಪಾಸಿನಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ದ್ರವೀಕೃತ ನೈಸರ್ಗಿಕ ಅನಿಲ (ಎಲ್‌ಎನ್‌ಜಿ) ಆಮದು ಮಾಡಿಕೊಳ್ಳುವ ಮೂರು ಟರ್ಮಿನಲ್‌ಗಳ ಪ್ರಸ್ತಾವ ಬಂತು. ಒಂದೂ ಕೈಗೂಡಲಿಲ್ಲ. ಇದನ್ನು, ಹಡಗುದಾರಿಯನ್ನು ನಿರಾಕರಿಸಿದ ಕೆನಡಾದ ಕಾನೂನು ವಾದಕ್ಕೆ ಸಿಕ್ಕ ಗೆಲುವೆಂದು ಓದುವುದು ಸರಿಯಲ್ಲ ಎಂಬುದು ಈ ಲೇಖನದ ವಾದ. ವ್ಯಾಜ್ಯದ ಮೂಲಪ್ರಶ್ನೆ ತೀರ್ಮಾನವಾಗುವ ಮೊದಲೇ ಮಾರುಕಟ್ಟೆ ಮಗುಚಿಬಿದ್ದಿತು.

ಭೂಗೋಳ

ಮೂರೂ ಟರ್ಮಿನಲ್‌ಗಳಿಗೆ ಗುರುತಿಸಿದ ಜಾಗ ಅಮೆರಿಕದ ದಡದಲ್ಲೇ ಇತ್ತು. ಆದರೆ ಅಟ್ಲಾಂಟಿಕ್‌ನಿಂದ ದೊಡ್ಡ ಹಡಗು ಅಲ್ಲಿಗೆ ತಲುಪಬೇಕಾದರೆ ಕ್ಯಾಂಪೊಬೆಲೊ ಮತ್ತು ಡೀರ್ ದ್ವೀಪಗಳ ನಡುವಿನ ಹೆಡ್ ಹಾರ್ಬರ್ ಕಾಲುವೆಯನ್ನು ಹಾಯಬೇಕು. ಎರಡೂ ದ್ವೀಪಗಳು ಕೆನಡಾಕ್ಕೆ ಸೇರಿದವು. ಇಲ್ಲಿ ಉಬ್ಬರವಿಳಿತದ ವ್ಯತ್ಯಾಸ ಸುಮಾರು 6 ಮೀಟರ್. ಡೀರ್ ದ್ವೀಪದ ದಕ್ಷಿಣ ತುದಿಯ ಬಳಿ ‘ಓಲ್ಡ್ ಸೌ’ ಎಂಬ ಭಾರಿ ಸುಳಿಯಿದೆ. ಸಿಗಡಿಯನ್ನು ಹೋಲುವ ಲಾಬ್‌ಸ್ಟರ್ ಹಿಡಿಯುವವರ ದುಡಿಮೆಯ ನೀರೂ ಇದೇ.

ಮೂರು ಪ್ರಸ್ತಾವಗಳು

ಕ್ವಾಡಿ ಬೇ ಯೋಜನೆಗೆ ಪಸ್ಸಮಕ್ವಾಡಿ ಬುಡಕಟ್ಟಿನ ಪ್ಲೆಸೆಂಟ್ ಪಾಯಿಂಟ್ ನೆಲವನ್ನು ಗುತ್ತಿಗೆಗೆ ಪಡೆಯಲಾಯಿತು. 2005ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆ ಗುತ್ತಿಗೆಗೆ ಒಪ್ಪಿಗೆ ಕೊಟ್ಟಾಗ ಅದೇ ಬುಡಕಟ್ಟಿನ ಒಂದು ಗುಂಪು ನ್ಯಾಯಾಲಯದ ಮೆಟ್ಟಿಲೇರಿತು. ಅವರಿಗೆ ದಾವೆ ಹೂಡುವ ಹಕ್ಕಿದೆಯೆಂದು ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಹೇಳಿತು. ಡೌನ್‌ಈಸ್ಟ್ ಯೋಜನೆ ರಾಬಿನ್‌ಸ್ಟನ್‌ನಲ್ಲಿ, ಮೂರನೆಯದು ಕ್ಯಾಲಿಸ್‌ನಲ್ಲಿ ನೆಲೆಗೊಳ್ಳಬೇಕಿತ್ತು.

ಕಾನೂನಿನ ಕಗ್ಗಂಟು

2007ರ ಫೆಬ್ರವರಿಯಲ್ಲಿ ಕೆನಡಾದ ರಾಯಭಾರಿ ಮೈಕಲ್ ವಿಲ್ಸನ್ ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗಕ್ಕೆ ಪತ್ರ ಬರೆದು, ಎಲ್‌ಎನ್‌ಜಿ ಹಡಗುಗಳಿಗೆ ಈ ಕಾಲುವೆಯಲ್ಲಿ ಅವಕಾಶವಿಲ್ಲ ಎಂದು ತಿಳಿಸಿದರು. ಇದು ಹೊಸ ಪಟ್ಟೇನಲ್ಲ: 1970ರ ದಶಕದಲ್ಲಿ ಈಸ್ಟ್‌ಪೋರ್ಟ್‌ನ ತೈಲ ಸಂಸ್ಕರಣಾಗಾರದ ಪ್ರಸ್ತಾವಕ್ಕೂ ಕೆನಡಾ ಅಡ್ಡಬಂದಿತ್ತು. ಕಾಲುವೆ ತನ್ನ ಆಂತರಿಕ ಜಲಪ್ರದೇಶ ಎಂಬುದು ಅದರ ನಿಲುವು. ಕರಾವಳಿ ದೇಶಕ್ಕೆ ಕೇಡು ಮಾಡದೆ ಹಾದುಹೋಗುವ, ಅಂದರೆ ನಿರುಪದ್ರವಿ ಸಂಚಾರದ, ಹಕ್ಕು ಇದೆಯೆಂಬುದು ಅಮೆರಿಕದ ವಾದ. ವಿಪರ್ಯಾಸವೆಂದರೆ, ಆ ಹಕ್ಕನ್ನು ವಿಶದಪಡಿಸುವ 1982ರ ಸಮುದ್ರ ಕಾನೂನು ಒಪ್ಪಂದಕ್ಕೆ ಕೆನಡಾ 2003ರಲ್ಲಿ ಸೇರಿತು. ಅಮೆರಿಕ ಸೇರಿಯೇ ಇಲ್ಲ. ಹಾಗಾಗಿ ಅಮೆರಿಕ ರೂಢಿಗತ ಅಂತರರಾಷ್ಟ್ರೀಯ ಕಾನೂನಿನ ಆಸರೆ ಹಿಡಿಯಬೇಕಾಯಿತು.

ಕೆನಡಾದ ನಿಲುವಿನಲ್ಲೂ ತೊಡಕಿತ್ತು. ಪಸ್ಸಮಕ್ವಾಡಿ ಕೊಲ್ಲಿ ತೆರೆದುಕೊಳ್ಳುವ ಫಂಡಿ ಕೊಲ್ಲಿಯ ದಡದಲ್ಲೇ, ನ್ಯೂ ಬ್ರನ್ಸ್‌ವಿಕ್‌ನ ಸೇಂಟ್ ಜಾನ್‌ನಲ್ಲಿ, 2009ರಲ್ಲಿ ಕೆನಾಪೋರ್ಟ್ ಎಲ್‌ಎನ್‌ಜಿ ಟರ್ಮಿನಲ್ ಶುರುವಾಯಿತು. ಅಲ್ಲಿಂದ ಅನಿಲ ಕೊಳವೆಯ ಮೂಲಕ ಅಮೆರಿಕದ ಈಶಾನ್ಯ ರಾಜ್ಯಗಳಿಗೇ ಹರಿಯಿತು. ಇಕ್ಕಟ್ಟಾದ ಕಾಲುವೆಗೂ ಬಯಲು ಕೊಲ್ಲಿಗೂ ಅಪಾಯದ ಪ್ರಮಾಣ ಬೇರೆ ಎಂಬುದು ನಿಜ. ಆದರೂ ಪೈಪೋಟಿಯ ಲಾಭ ಯಾರಿಗೆ ಎಂಬ ಸಂಶಯ ಉಳಿಯುತ್ತದೆ.

ಅಧಿಕಾರದ ಎಲ್ಲೆ

ಅಮೆರಿಕದ 2005ರ ಇಂಧನ ನೀತಿ ಕಾಯ್ದೆ ದಡದ ಟರ್ಮಿನಲ್‌ಗಳ ಜಾಗಕ್ಕೆ ಅನುಮತಿ ನೀಡುವ ಅಧಿಕಾರವನ್ನು ಆಯೋಗಕ್ಕೆ ಮಾತ್ರ ಕೊಟ್ಟಿತು. ಟ್ಯಾಂಕು, ಕೊಳವೆ, ಜೆಟ್ಟಿಗಳನ್ನು ಆಯೋಗ ಪರಿಶೀಲಿಸಬಲ್ಲದು. ನೆರೆದೇಶದ ನೀರಿನಲ್ಲಿ ಹಡಗು ನಡೆಸಲು ಅಪ್ಪಣೆ ಕೊಡಲಾರದು. ಜಲಮಾರ್ಗದ ಯೋಗ್ಯತೆಯನ್ನು ತೂಗಿದ ಅಮೆರಿಕದ ಕರಾವಳಿ ಪಡೆಗೂ ಸುರಕ್ಷತಾ ವ್ಯವಸ್ಥೆಗೆ ಕೆನಡಾದ ಸಹಕಾರ ಬೇಕಿತ್ತು. ಹೀಗೆ, ಜಾಗದ ಪರಿಶೀಲನೆ ವರ್ಷಗಟ್ಟಲೆ ಸಾಗಿದರೂ ದಾರಿಯ ಪ್ರಶ್ನೆ ಇದ್ದಲ್ಲೇ ಇತ್ತು.

ಮಾರುಕಟ್ಟೆಯ ತೀರ್ಪು

ಆಯೋಗ ಕ್ವಾಡಿ ಬೇ ಅರ್ಜಿಯನ್ನು 2008ರಲ್ಲಿ, ಕ್ಯಾಲಿಸ್ ಅರ್ಜಿಯನ್ನು 2012ರಲ್ಲಿ ವಜಾ ಮಾಡಿತು. ಡೌನ್‌ಈಸ್ಟ್‌ನ ಅಂತಿಮ ಪರಿಸರ ವರದಿ 2014ರ ಮೇ ತಿಂಗಳಲ್ಲಿ ಬರುವ ಹೊತ್ತಿಗೆ ಅಮೆರಿಕದಲ್ಲೇ ಶೇಲ್ ಶಿಲಾಪದರದಿಂದ ತೆಗೆಯುವ ಅನಿಲದ ಉತ್ಪಾದನೆ ಏರಿ ಆಮದಿನ ಲೆಕ್ಕಾಚಾರವೇ ತಲೆಕೆಳಗಾಗಿತ್ತು. ಕಂಪನಿ ರಫ್ತಿನತ್ತ ಹೊರಳಲು ನೋಡಿತು. 2016ರಲ್ಲಿ ಆ ಅರ್ಜಿಯೂ ವಜಾ ಆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಲೂಸಿಯಾನಾದ ಸಬೀನ್ ಪಾಸ್‌ನಿಂದ ಅಮೆರಿಕದ ಶೇಲ್ ಅನಿಲ ಹೊತ್ತ ಹಡಗು ಹೊರದೇಶಕ್ಕೆ ಹೊರಟಿತ್ತು.

ಸಮಾರೋಪ

ಕಾಲುವೆಯ ಹಕ್ಕಿನ ಬಗ್ಗೆ ಯಾವ ಅಂತರರಾಷ್ಟ್ರೀಯ ನ್ಯಾಯಮಂಡಳಿಯೂ ತೀರ್ಪು ಕೊಟ್ಟಿಲ್ಲ. ಆದ್ದರಿಂದ ಈ ಪ್ರಕರಣ ಕಾನೂನಿನ ಪೂರ್ವನಿದರ್ಶನವಾಗಲಾರದು, ಆಡಳಿತಕ್ಕೆ ಪಾಠವಾಗಬಲ್ಲದು. ಗಡಿಯ ನೀರಿನಲ್ಲಿ ಟರ್ಮಿನಲ್ ಕಟ್ಟುವವರು ಜಾಗದ ಅರ್ಜಿಗೆ ಮುನ್ನ ಹಡಗುದಾರಿಯ ಬಗ್ಗೆ ಎರಡೂ ಸರ್ಕಾರಗಳ ಲಿಖಿತ ಒಪ್ಪಂದ ಪಡೆಯಬೇಕು ಎಂಬ ಷರತ್ತನ್ನು ಅನುಮತಿ ಪ್ರಕ್ರಿಯೆಯ ಮೊದಲ ಹಂತದಲ್ಲೇ ಸೇರಿಸಬೇಕು.