ಸರಕಿನ ಛಾಯಾಚಿತ್ರದಲ್ಲಿ ನೆರಳಿನ ಸಾಕ್ಷ್ಯ

ನೆರಳನ್ನು ಇರುವಿಕೆಯ ಸಾಕ್ಷಿಯೆಂದು ಎಣಿಸುವ ವಾಡಿಕೆ ಬಹು ಪ್ರಾಚೀನವಾದುದು. ಮಹಾಭಾರತದ ನಳೋಪಾಖ್ಯಾನದಲ್ಲಿ, ನಳನ ರೂಪವನ್ನೇ ತಾಳಿದ್ದ ನಾಲ್ವರು ದೇವತೆಗಳ ನಡುವೆ ದಮಯಂತಿಯು ನಿಜವಾದ ನಳನನ್ನು ಗುರುತಿಸಲು ನೆರವಾದ ಲಕ್ಷಣಗಳಲ್ಲಿ ನೆರಳೂ ಒಂದು. ದೇವತೆಗಳಿಗೆ ನೆರಳಿರಲಿಲ್ಲ, ಅವರ ಪಾದಗಳು ನೆಲವನ್ನು ಸೋಕಿರಲಿಲ್ಲ. ಇಂದು ಮಾರಾಟದ ಸರಕುಗಳ ಚಿತ್ರಗಳಲ್ಲಿ ಕಾಣುವ ನೆರಳಾದರೋ ಅನೇಕ ವೇಳೆ ಗಣಕದ ತಂತ್ರಾಂಶದಿಂದ ಕೂಡಿಸಿದುದು. ಇಂತಹ ನೆರಳಿಗೆ ಚರಿತ್ರೆಯ ಆಧಾರವಾಗಿ ಎಷ್ಟು ಬೆಲೆಯಿದೆಯೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಛಾಯಾಗ್ರಹಣದ ಮೂಲಪುರುಷರಲ್ಲೊಬ್ಬನಾದ ಇಂಗ್ಲೆಂಡಿನ ಟಾಲ್ಬಟ್, 1839ರಲ್ಲಿ ತನ್ನ ವಿಧಾನವನ್ನು ರಾಯಲ್ ಸೊಸೈಟಿಯ ಮುಂದಿರಿಸಿದಾಗ ಅದನ್ನು ನೆರಳನ್ನು ಸ್ಥಿರಗೊಳಿಸುವ ಕಲೆಯೆಂದೂ ವರ್ಣಿಸಿದನು. 1844 ರಿಂದ 1846ರವರೆಗೆ ಭಾಗಭಾಗವಾಗಿ ಹೊರಬಂದ ಅವನ ‘ದಿ ಪೆನ್ಸಿಲ್ ಆಫ್ ನೇಚರ್’ ಗ್ರಂಥದಲ್ಲಿ ಪಿಂಗಾಣಿ ಸಾಮಾನುಗಳ ಒಂದು ಚಿತ್ರವಿದೆ. ಆ ಸಾಮಾನುಗಳು ಕಳವಾದರೆ ಚಿತ್ರವನ್ನೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದೆಂದು ಅವನು ಸೂಚಿಸಿದನು. ಅಲ್ಲಿ ವಸ್ತುವೂ ಅದರ ನೆರಳೂ ಒಂದೇ ಬೆಳಕಿನಿಂದ, ಒಂದೇ ವೇಳೆಯಲ್ಲಿ ಮೂಡಿದವು.

ಈ ಸಂಬಂಧವು ಗಣಕಕ್ಕಿಂತ ಮೊದಲೇ ಸಡಿಲವಾಯಿತು. ಛಾಯಾಚಿತ್ರಗಳನ್ನು ಪುಸ್ತಕಗಳಲ್ಲಿ ಅಚ್ಚುಮಾಡುವುದು ಸುಲಭವಾದ ಮೇಲೆ, ವ್ಯಾಪಾರಿಗಳ ಸಚಿತ್ರ ಪಟ್ಟಿಗಳಿಗಾಗಿ ಹಿನ್ನೆಲೆಯನ್ನು ಬಣ್ಣದಿಂದ ಮುಚ್ಚಿ ವಸ್ತುವನ್ನು ಮಾತ್ರ ಉಳಿಸುವ ಪದ್ಧತಿ ಬಂದಿತು. ಹಿನ್ನೆಲೆಯೊಡನೆ ನೆರಳೂ ಅಳಿದುಹೋದುದರಿಂದ, ಕುಶಲಿಗಳು ಅದನ್ನು ಕುಂಚದಿಂದಲೋ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದಲೋ ಮರಳಿ ಬರೆಯಬೇಕಾಯಿತು. ನಾಲ್ ಸಹೋದರರು ರಚಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದಿತು. 1994ರಲ್ಲಿ ಅದಕ್ಕೆ ಪದರಗಳು ಸೇರಿದವು. 1998ರಲ್ಲಿ ಸಿದ್ಧ ನೆರಳನ್ನು ಕೂಡಿಸುವ ಸೌಕರ್ಯವೂ ಬಂದಿತು.

ಸಿದ್ಧ ನೆರಳು ವಸ್ತುವಿನ ಆಕಾರವನ್ನೇ ಮಸುಕಾಗಿಸಿ ಪಕ್ಕಕ್ಕೆ ಸರಿಸುವುದರಿಂದ, ವಸ್ತುವು ನೆಲದಿಂದ ಮೇಲೆದ್ದಂತೆ ತೋರುತ್ತದೆ. ಸಹಜವಾದ ನೆರಳಿನ ಕ್ರಮವೇ ಬೇರೆ. ವಸ್ತು ನೆಲವನ್ನು ಮುಟ್ಟುವೆಡೆ ಅದು ಗಾಢವಾಗಿಯೂ ಅಂಚು ಸ್ಪಷ್ಟವಾಗಿಯೂ ಇರುತ್ತದೆ. ದೂರ ಸರಿದಂತೆಲ್ಲ ಅಂಚು ಮಸುಕಾಗುತ್ತದೆ. ಬೆಳಕಿನ ಮೂಲವು ದೊಡ್ಡದಾದಷ್ಟೂ ಈ ಮಸುಕು ಹೆಚ್ಚು. ಆದಕಾರಣ ನಿಪುಣರು ಸ್ಪರ್ಶದ ನೆರಳಿಗೂ ಚಾಚಿದ ನೆರಳಿಗೂ ಬೇರೆಬೇರೆ ಪದರಗಳನ್ನು ಇಟ್ಟು, ಅವುಗಳನ್ನು ‘ಮಲ್ಟಿಪ್ಲೈ’ ಎಂಬ ವಿಧಾನದಿಂದ ಹಿನ್ನೆಲೆಯೊಡನೆ ಬೆರೆಸುತ್ತಾರೆ. ಹಿನ್ನೆಲೆಯ ಹೊಳಪು 0.8, ನೆರಳಿನದು 0.5 ಆದರೆ ಗುಣಲಬ್ಧ 0.4, ನೆಲ ಕಪ್ಪಾಗುತ್ತದೆ, ಆದರೆ ಅದರ ಮೈಯ ವಿನ್ಯಾಸ ಮುಚ್ಚಿಹೋಗುವುದಿಲ್ಲ. ವಸ್ತುವಿನ ಮೇಲಿನ ಹೊಳಪು ಎಡಗಡೆಯಿದ್ದರೆ ನೆರಳು ಬಲಕ್ಕೆ ಬೀಳುವಂತೆಯೂ ನೋಡಿಕೊಳ್ಳುತ್ತಾರೆ.

ಹೀಗೆ ಕೂಡಿಸಿದ ನೆರಳನ್ನು ಸುಳ್ಳೆಂದು ತಳ್ಳಿಹಾಕಬೇಕೆ? ಗಂಗರ ಹೆಸರಿನ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದೂ, ರೈಸರು ಅದನ್ನು ಒಪ್ಪದೆ ಹೋದುದೂ ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕೂಟಶಾಸನವೂ ಸಹ, ತಾನು ಹೇಳಿಕೊಳ್ಳುವ ಕಾಲಕ್ಕೆ ಅಲ್ಲದಿದ್ದರೂ, ತನ್ನನ್ನು ಬರೆದ ಕಾಲಕ್ಕೆ ಆಧಾರವಾಗುತ್ತದೆ. ಕೂಡಿಸಿದ ನೆರಳಿಗೂ ಇದೇ ನ್ಯಾಯ ಸಲ್ಲುತ್ತದೆ. ಅದರಿಂದ ವಸ್ತುವನ್ನಿರಿಸಿದ್ದ ಸ್ಥಳವನ್ನಾಗಲಿ ವೇಳೆಯನ್ನಾಗಲಿ ಊಹಿಸಲಾಗದು. ಕೊಳ್ಳುವವರ ವಿಶ್ವಾಸವನ್ನು ಗಳಿಸಲು ಮಾರುವವರು ಯಾವುದನ್ನು ಅವಶ್ಯವೆಂದು ಬಗೆದರೆಂಬುದನ್ನು ಮಾತ್ರ ತಿಳಿಯಬಹುದು.

ಪರೀಕ್ಷೆಗೆ ಒಂದು ಮಾರ್ಗವುಂಟು. ನೆರಳಿನ ಬಿಂದುಗಳಿಂದ ವಸ್ತುವಿನ ಅನುರೂಪ ಬಿಂದುಗಳ ಮೂಲಕ ಎಳೆದ ಗೆರೆಗಳು, ಬೆಳಕು ಒಂದೇ ಆಗಿದ್ದರೆ, ಒಂದೇ ಬಿಂದುವಿನತ್ತ ಸಾಗಬೇಕು. ಹಾಗೆ ಸಾಗದಿದ್ದರೆ ಚಿತ್ರದಲ್ಲಿ ಕೈವಾಡವನ್ನು ಶಂಕಿಸಬಹುದು. ಸಾಗಿದ ಮಾತ್ರಕ್ಕೆ ಚಿತ್ರವು ಪ್ರಾಮಾಣಿಕವೆಂದು ಸಿದ್ಧವಾಗುವುದಿಲ್ಲ. ಗೆರೆಗಳ ಲೆಕ್ಕ ಕುಶಲಿಗೂ ತಿಳಿದಿರಬಹುದು. ಆದುದರಿಂದ ಈ ಕಾಲದ ಸರಕುಗಳ ಚಿತ್ರಗಳಿಂದ ಜನಜೀವನದ ಚರಿತ್ರೆಯನ್ನು ಬರೆಯುವವರು, ವಸ್ತುವಿಗೊಂದು, ಅದರ ನೆರಳಿಗೊಂದು ಎಂದು ಎರಡು ಪ್ರತ್ಯೇಕ ಕರ್ತೃಗಳನ್ನು ಊಹಿಸಿಕೊಂಡೇ ಕೆಲಸವನ್ನು ಆರಂಭಿಸುವುದು ಯುಕ್ತವೆಂದು ನಮಗೆ ತೋರುತ್ತದೆ.