ಘಟಕಾಧಾರಿತ ಯಂತ್ರ ಕೈಪಿಡಿ

ಘಟಕಾಧಾರಿತ ಯಂತ್ರ ಕೈಪಿಡಿ ಎಂದರೆ ಬೇಡಿಕೆಗೆ ತಕ್ಕಂತೆ ನಿರ್ಮಿಸಿದ ಕೈಗಾರಿಕಾ ಯಂತ್ರಗಳ ತಾಂತ್ರಿಕ ಮಾಹಿತಿಯನ್ನು ಒಂದೇ ಅಖಂಡ ಸಂಪುಟವಾಗಿ ಬರೆಯದೆ, ಬಿಡಿಬಿಡಿಯಾಗಿ ತಿದ್ದಬಹುದಾದ ಸಣ್ಣ ಘಟಕಗಳಾಗಿ ಜೋಡಿಸುವ ವಿಧಾನ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಪ್ರಧಾನವಾಗಿರುವ ಸಕ್ಕರೆ ಉದ್ಯಮವು ಇದರ ಅಗತ್ಯವನ್ನು ಅರಿಯಲು ಉತ್ತಮ ಉದಾಹರಣೆಯಾಗಿದೆ.

ಹಿನ್ನೆಲೆ

ಕೃಷ್ಣಾ ಮತ್ತು ದೂಧಗಂಗಾ ನದಿಗಳ ನೀರಿನಿಂದ ಕಬ್ಬು ಬೆಳೆಯುವ ಈ ಭಾಗದ ಹಳೆಯ ಕಾರ್ಖಾನೆಗಳಲ್ಲಿ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ (1939) ಒಂದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮೊದಲಾದವು ಸಹಕಾರಿ ಕಾರ್ಖಾನೆಗಳು. ಸಾಮಾನ್ಯವಾಗಿ ಸಕ್ಕರೆ ಕಾರ್ಖಾನೆಯ ಯಂತ್ರಗಳು ಸಿದ್ಧ ಸರಕಲ್ಲ. ಗಾಣ, ಬಾಯ್ಲರ್, ಟರ್ಬೈನ್, ಗೇರ್‌ಬಾಕ್ಸ್‌ಗಳನ್ನು ಬೇರೆ ಬೇರೆ ತಯಾರಕರು ಪೂರೈಸುತ್ತಾರೆ. ಸಾಮರ್ಥ್ಯ ಹೆಚ್ಚಿಸುವಾಗ ಹಳೆಯ ಗಾಣಗಳ ಪಕ್ಕದಲ್ಲೇ ಹೊಸತು ಸೇರುತ್ತವೆ. ಪ್ರತಿಯೊಬ್ಬ ಪೂರೈಕೆದಾರನೂ ತನ್ನ ಯಂತ್ರದ ಪುಸ್ತಕವನ್ನಷ್ಟೇ ಕೊಡುವುದರಿಂದ, ಇಡೀ ಸಾಲನ್ನು ವಿವರಿಸುವ ಪುಸ್ತಕವನ್ನು ಕಾರ್ಖಾನೆಯೇ ಕಟ್ಟಿಕೊಳ್ಳಬೇಕಾಗುತ್ತದೆ.

ರಚನೆ

ಪ್ರತಿ ಘಟಕಕ್ಕೂ ಒಂದು ಸಂಕೇತವಿರುತ್ತದೆ. ಅದು ಯಂತ್ರಭಾಗದ ಸ್ಥಾನವನ್ನೂ ಮಾಹಿತಿಯ ಬಗೆಯನ್ನೂ (ವಿವರಣೆ, ಚಾಲನೆ, ನಿರ್ವಹಣೆ, ದೋಷಪತ್ತೆ, ಬಿಡಿಭಾಗ) ಸೂಚಿಸುತ್ತದೆ. ಸ್ಥಾನದ ಸಂಖ್ಯೆಯನ್ನೂ ವಸ್ತುವಿನ ಸಂಖ್ಯೆಯನ್ನೂ ಒಂದಾಗಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಸವೆದ ರೋಲರನ್ನು ಕಡೆದು ಮುಂದಿನ ಹಂಗಾಮಿನಲ್ಲಿ ಬೇರೊಂದು ಗಾಣಕ್ಕೆ ಹಾಕುವುದುಂಟು. ಆಗ ರೋಲರಿನ ಇತಿಹಾಸ ಅದರೊಡನೆ ಹೋಗಬೇಕು, ಆದರೆ ‘3ನೆಯ ಗಾಣದ ಮೇಲಿನ ರೋಲರ್’ ಎಂಬ ಸ್ಥಾನದ ಸೂಚನೆಗಳು ಅಲ್ಲೇ ಉಳಿಯಬೇಕು.

ಸ್ಥಿರ ಮಾಹಿತಿ ಮತ್ತು ಬದಲಾಗುವ ಮಾಹಿತಿಗಳ ವಿಂಗಡಣೆಯೂ ಅಷ್ಟೇ ಮುಖ್ಯ. ರೋಲರುಗಳ ನಡುವಿನ ಅಂತರವು ಕಬ್ಬಿನ ನಾರಿನ ಪ್ರಮಾಣ, ನುರಿಸುವ ದರ, ರೋಲರಿನ ವೇಗ ಮತ್ತು ವ್ಯಾಸಗಳನ್ನು ಅವಲಂಬಿಸಿರುವುದರಿಂದ ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಇಂತಹ ಅಳತೆಗಳನ್ನು ದಿನಾಂಕ ಸಹಿತವಾದ ಪ್ರತ್ಯೇಕ ಪುಟದಲ್ಲಿಟ್ಟರೆ ಆ ಪುಟವೊಂದನ್ನೇ ಬದಲಿಸಿದರೆ ಸಾಕು. ಹತ್ತು ಕಡೆ ಇರುವ ಒಂದೇ ಮಾದರಿಯ ಪಂಪಿಗೆ ಒಂದೇ ವಿವರಣಾ ಘಟಕ ಸಾಲುತ್ತದೆ.

ಸುರಕ್ಷತೆ

ಪುನರುಕ್ತಿ ಬೇಡವೆಂಬ ನಿಯಮ ಸುರಕ್ಷತಾ ಸೂಚನೆಗಳಿಗೆ ಅನ್ವಯಿಸದು. ಕೆಲಸಗಾರನು ಯಂತ್ರದ ಬಳಿಗೆ ಒಯ್ಯುವುದು ಒಂದು ಪುಟವನ್ನು ಮಾತ್ರ. ಎಚ್ಚರಿಕೆ ಬೇರೆ ಸಂಪುಟದಲ್ಲಿದ್ದರೆ ಪ್ರಯೋಜನವಿಲ್ಲ. ವಿದ್ಯುತ್ ಕಡಿತಗೊಳಿಸಿದ ಮೇಲೂ ಗಾಣದ ಹೈಡ್ರಾಲಿಕ್ ಸಂಚಾಯಕಗಳಲ್ಲಿ ಒತ್ತಡ ಉಳಿದಿರಬಹುದು. ಆದ್ದರಿಂದ ನಿಲ್ಲಿಸುವ, ಬೀಗ ಹಾಕುವ ಮತ್ತು ಒತ್ತಡ ಇಳಿಸುವ ಹಂತಗಳನ್ನು ಸಂಬಂಧಪಟ್ಟ ಪ್ರತಿ ದುರಸ್ತಿ ಘಟಕದ ಆರಂಭದಲ್ಲೇ ಮುದ್ರಿಸಬೇಕು.

ಭಾಷೆ

ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಈ ಗಡಿಭಾಗದಲ್ಲಿ ಇಂಗ್ಲಿಷ್ ಕೈಪಿಡಿ ಎಲ್ಲ ಕಾರ್ಮಿಕರಿಗೂ ಎಟುಕುವುದಿಲ್ಲ. ಘಟಕಗಳಾಗಿ ವಿಂಗಡಿಸಿದ್ದರೆ ಚಾಲನೆ ಮತ್ತು ಸುರಕ್ಷತೆಯ ಪುಟಗಳನ್ನು ಮೊದಲು ಅನುವಾದಿಸಬಹುದು. ರೇಖಾಚಿತ್ರದಲ್ಲಿ ಪದಗಳ ಬದಲು ಅಂಕಿಗಳನ್ನು ಬಳಸಿದರೆ ಅದೇ ಚಿತ್ರ ಎಲ್ಲ ಭಾಷೆಗಳಿಗೂ ಒದಗುತ್ತದೆ.

ಮಾನದಂಡಗಳು

ವಿಮಾನೋದ್ಯಮದಲ್ಲಿ ಹುಟ್ಟಿದ ಎಸ್1000ಡಿ ಮತ್ತು 2005ರಲ್ಲಿ ಓಯಾಸಿಸ್ ಸಂಸ್ಥೆ ಅಂಗೀಕರಿಸಿದ ಡಿಟಾ ಈ ವಿಧಾನದ ಪ್ರಸಿದ್ಧ ಮಾನದಂಡಗಳು. ಯಂತ್ರಗಳ ಸೂಚನಾ ಕೈಪಿಡಿಯಲ್ಲಿನ ಸುರಕ್ಷತಾ ಮಾಹಿತಿಗೆ ಐಎಸ್ಒ 20607:2019 ಅನ್ವಯಿಸುತ್ತದೆ.